ತೆಳ್ಳಗಿದ್ದೀನಲ್ಲ, ನನಗೆ ಹೇಗೆ ಶುಗರ್ ಬಂತು?

ಮದುವೆಮನೆಯ ಪಂಕ್ತಿಯಲ್ಲಿ, ಲಿಫ್ಟಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಎಲ್ಲಿ ಕೇಳಿದರೂ ಈ ಪ್ರಶ್ನೆಯ ಧಾಟಿ ಒಂದೇ. "ನೋಡಿ, ನಾನು ಎಷ್ಟು ತೆಳ್ಳಗಿದ್ದೀನಿ. ಸ್ವೀಟ್ ಮುಟ್ಟೋದೇ ಇಲ್ಲ. ನನಗೆ ಹೇಗೆ ಶುಗರ್ ಬಂತು?" ಇಷ್ಟಕ್ಕೇ ನಿಲ್ಲಿಸಿದರೆ ಉತ್ತರ ಹೇಳಬಹುದು. ನಿಲ್ಲಿಸುವುದಿಲ್ಲ. "ನಮ್ಮ ಎದುರುಮನೆಯವರು ನೂರು ಕೆಜಿ ಇದ್ದಾರೆ, ಅವರಿಗೇನೂ ಇಲ್ಲ" ಎಂದು ಬಾಲಂಗೋಚಿ ಸೇರಿಸುತ್ತಾರೆ. ಸ್ವಾಮಿ, ಇದು ಪ್ರಶ್ನೆಯಲ್ಲ, ದೂರು. ಎದುರುಮನೆಯವರಿಗೆ ಬರಬೇಕಾಗಿದ್ದು ನಿಮಗೆ ಬಂತು ಎನ್ನುವ ದೂರು. ಅದಿರಲಿ, ಅವರಿಗೆ ಏನೂ ಇಲ್ಲ ಎಂದು ನಿಮಗೆ ಹೇಳಿದವರು ಯಾರು? ಅವರು ಟೆಸ್ಟಿಗೆ ರಕ್ತ ಕೊಟ್ಟು ಎಷ್ಟು ವರ್ಷವಾಯಿತು?

ಬಾಯಲ್ಲಿ ಹೇಳಿ ಸಾಕಾಗಿದೆ, ಹಾಗಾಗಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಓದಿ.

ಚುಟುಕಾಗಿ ಹೇಳುವುದಾದರೆ, ತೂಕದ ಯಂತ್ರ ನಿಮ್ಮ ಮೈಯಲ್ಲಿ ಕೊಬ್ಬು ಎಷ್ಟಿದೆ ಎಂದು ಹೇಳುವುದಿಲ್ಲ, ಎಲ್ಲಿದೆ ಎಂದಂತೂ ಹೇಳುವುದೇ ಇಲ್ಲ. ಟೈಪ್ 2 ಡಯಾಬಿಟಿಸ್‌ಗೆ ಬೇಕಾದ ಮಾಹಿತಿ ಆ ಎರಡೇ.

2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯವಿಜ್ಞಾನಿಗಳು ಅಕ್ಕಪಕ್ಕ ನಿಂತ ಒಂದು ಫೋಟೋ ಬಂತು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಎನ್ನುವ ಲೆಕ್ಕ, ಕೂಡ 22.3. ಯಾವ ಚಾರ್ಟಿನಲ್ಲಿ ನೋಡಿದರೂ ಇಬ್ಬರೂ ನಾರ್ಮಲ್. ಸ್ಕ್ಯಾನ್ ಮಾಡಿದಾಗ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ. 21.2. ಎತ್ತರಕ್ಕೆ ತಕ್ಕ ತೂಕ ಇಬ್ಬರಲ್ಲೂ ಅಷ್ಟೇ ಇದ್ದರೂ ಒಬ್ಬರಲ್ಲಿ ಅದು ಸ್ನಾಯು, ಇನ್ನೊಬ್ಬರಲ್ಲಿ ಕೊಬ್ಬು. ನೀವು ಕನ್ನಡಿಯ ಮುಂದೆ ನಿಂತು "ತೆಳ್ಳಗಿದ್ದೀನಿ" ಅನ್ನುತ್ತೀರಲ್ಲ, ಆ ಕನ್ನಡಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಕೈಕಾಲು ಕಡ್ಡಿ, ನಡುವೆ ಪುಟ್ಟದೊಂದು ಹೊಟ್ಟೆ: ನಮ್ಮಲ್ಲಿ ಇದಕ್ಕೆ "ಸುಖದ ಹೊಟ್ಟೆ" ಎಂದು ಮರ್ಯಾದೆ ಬೇರೆ.

ಕೊಬ್ಬು ಇರಬೇಕಾದ ಜಾಗ ಚರ್ಮದ ಅಡಿ. ಅದು ಮನೆಯ ಕಣಜ ಇದ್ದಂತೆ. ಕಣಜ ದೊಡ್ಡದಿದ್ದರೆ ಎಷ್ಟು ಸುಗ್ಗಿಯಾದರೂ ತುಂಬಿಡಬಹುದು. ಚಿಕ್ಕದಿದ್ದರೆ ಮಿಕ್ಕ ಮೂಟೆಗಳು ನಡುಮನೆಗೆ, ಅಡುಗೆಮನೆಗೆ ಬಂದು ಬೀಳುತ್ತವೆ. ಮೈಯೊಳಗೆ ಹಾಗೆ ಬೀಳುವುದು ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ, ಮೇದೋಜೀರಕ ಗ್ರಂಥಿಯಲ್ಲಿ. ಕೊಬ್ಬು ಸೇರಿದ ಯಕೃತ್ತು ಇನ್ಸುಲಿನ್ "ಸಾಕು" ಅಂದರೂ ರಾತ್ರಿಯಿಡೀ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಹಿಂದಿನ ದಿನ ಸಂಜೆ ಏಳಕ್ಕೇ ಊಟ ಮುಗಿಸಿದರೂ ಬೆಳಗಿನ ಖಾಲಿ ಹೊಟ್ಟೆಯ ಶುಗರ್ 140 ಬರುವುದು ಇದರಿಂದಲೇ. ನೀವು ತಿಂದ ಸಕ್ಕರೆಯಲ್ಲ, ನಿಮ್ಮ ಯಕೃತ್ತು ಮಾಡಿದ ಸಕ್ಕರೆ ಅದು. "ಸ್ವೀಟ್ ಮುಟ್ಟಲ್ಲ" ಎನ್ನುವ ವಾದ ಅಲ್ಲಿಗೆ ಬಿದ್ದುಹೋಯಿತು.

ಎದುರುಮನೆಯವರ ವಿಷಯಕ್ಕೆ ಬರೋಣ. ಅವರಿಗೆ ನಿಜಕ್ಕೂ ಡಯಾಬಿಟಿಸ್ ಇಲ್ಲದಿದ್ದರೆ ಅದಕ್ಕೂ ವಿವರಣೆಯಿದೆ, ಮತ್ತದು ಇಲಿಗಳಲ್ಲಿ ಸಿಕ್ಕಿದೆ. 1998ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಿಳಿ ಕೊಬ್ಬು, ಅಂದರೆ ಮೈ ಕೂಡಿಡುವ ಮಾಮೂಲಿ ಕೊಬ್ಬು, ಬೆಳೆಯದಂಥ ಇಲಿಗಳನ್ನು ಸೃಷ್ಟಿಸಿದರು. ನಿಮ್ಮ ಲೆಕ್ಕದಲ್ಲಿ ಅವು ಪರಮ ಆರೋಗ್ಯವಾಗಿರಬೇಕಿತ್ತು. ಆದರೆ ಯಕೃತ್ತು ಊದಿ ಕೊಬ್ಬಿನಿಂದ ತುಂಬಿಹೋಯಿತು, ಜೋರಾದ ಡಯಾಬಿಟಿಸ್ ಬಂತು. ಎರಡು ವರ್ಷದ ನಂತರ ಮಾಮೂಲಿ ಇಲಿಗಳ ಕೊಬ್ಬನ್ನು ತೆಗೆದು ಇವುಗಳ ಚರ್ಮದಡಿ ನಾಟಿ ಮಾಡಿದರು. ಶುಗರ್ ಇಳಿಯಿತು. ಹೌದು, ಕೊಬ್ಬು ಹಾಕಿದ್ದಕ್ಕೇ ಇಳಿಯಿತು. 2007ರಲ್ಲಿ ಅಮೆರಿಕದ ವಿಜ್ಞಾನಿ ಫಿಲಿಪ್ ಷೆರರ್ ತಂಡ ಉಲ್ಟಾ ಪ್ರಯೋಗ ಮಾಡಿತು. ಲೆಪ್ಟಿನ್ ಹಾರ್ಮೋನೇ ಇಲ್ಲದೆ ತಿಂದು ತಿಂದು ದಪ್ಪಗಾಗುವ, ಡಯಾಬಿಟಿಸ್ ಬರುವ ಇಲಿಗಳಿಗೆ ಅಡಿಪೋನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚು ಬರುವ ಹಾಗೆ ಮಾಡಿದರು. ಇಲಿಗಳು ಇನ್ನೂ ದಪ್ಪಗಾದವು. ಯಕೃತ್ತಿನ ಕೊಬ್ಬು ಮಾತ್ರ ಕಡಿಮೆಯಾಗಿ ಚರ್ಮದಡಿ ಸೇರಿತು, ರಕ್ತದ ಸಕ್ಕರೆ ಸರಿಹೋಯಿತು. ಎದುರುಮನೆಯವರದ್ದು ದೊಡ್ಡ ಕಣಜ, ನಿಮ್ಮದು ಚಿಕ್ಕದು. ಇದರಲ್ಲಿ ನ್ಯಾಯ ಅನ್ಯಾಯದ ಮಾತಿಲ್ಲ. ಅವರ ಮಂಡಿ, ಅವರ ಹೃದಯ ಬೇರೆ ಲೆಕ್ಕ ಕೇಳುತ್ತವೆ, ಆ ಚಿಂತೆ ನಿಮಗೆ ಬೇಡ.

ನಿಮ್ಮ ಕಣಜ ತುಂಬಿದೆಯೋ ಇಲ್ಲವೋ ತಿಳಿಯಲು ಸ್ಕ್ಯಾನ್ ಬೇಕಿಲ್ಲ, ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬಿನ ಕೆಳಗಂಚು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡನ್ನೂ ಬೆರಳಲ್ಲಿ ಒತ್ತಿ ಗುರುತಿಸಿ. ಅವುಗಳ ನಟ್ಟನಡುವೆ, ನೆಲಕ್ಕೆ ಸಮಾನಾಂತರವಾಗಿ ಟೇಪು ಸುತ್ತಿ. ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವವರು ನೀವೇ. ನಮ್ಮವರಿಗೆ ಗಡಿ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80. "ನಂದು ಮೂವತ್ನಾಲ್ಕು ಪ್ಯಾಂಟು" ಎನ್ನಬೇಡಿ, ಆ ಪ್ಯಾಂಟು ನಿಂತಿರುವುದು ಹೊಟ್ಟೆಯ ಕೆಳಗೆ. ಬಿಎಂಐ ಕೂಡ ಭಾರತೀಯರಿಗೆ 23 ದಾಟಿದರೆ ಜಾಸ್ತಿ, 25 ದಾಟಿದರೆ ಬೊಜ್ಜು. 2023ರಲ್ಲಿ ಪ್ರಕಟವಾದ, ದೇಶದ ಡಯಾಬಿಟಿಸ್ ಅಳೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯಲ್ಲಿ ಬಿಎಂಐ ಪ್ರಕಾರ ಬೊಜ್ಜಿದ್ದವರು ಶೇ. 28.6, ಹೊಟ್ಟೆ ಬೊಜ್ಜಿದ್ದವರು ಶೇ. 39.5. ನಡುವಿನ ಆ ಅಂತರದಲ್ಲಿ ಇರುವವರೇ ಬಂದು ನನ್ನನ್ನು ಈ ಪ್ರಶ್ನೆ ಕೇಳುವುದು.

"ಹಾಗಾದರೆ ತೆಳ್ಳಗಿರುವ ನಾನೂ ತೂಕ ಇಳಿಸಬೇಕಾ?" ಹೆಚ್ಚಿನವರು ಹೌದು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ರಾಯ್ ಟೇಲರ್ ತಂಡ ಬಿಎಂಐ 27ಕ್ಕಿಂತ ಕಡಿಮೆಯಿದ್ದ 20 ಡಯಾಬಿಟಿಸ್ ರೋಗಿಗಳ ತೂಕವನ್ನು ಹಂತಹಂತವಾಗಿ ಇಳಿಸಿತು. 14 ಮಂದಿಯ ಶುಗರ್ ಮಾತ್ರೆಯಿಲ್ಲದೆ ಹತೋಟಿಗೆ ಬಂತು. ಆದರೆ ಇದನ್ನು ಓದಿ ನಾಳೆಯಿಂದ ಊಟ ಬಿಡಬೇಡಿ. ಅದರಲ್ಲೂ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಇಳಿಸದೆ ಊಟ ಇಳಿಸಿದರೆ ಸಕ್ಕರೆ ಪೂರ್ತಿ ಕುಸಿದು ಬೀಳುತ್ತೀರಿ.

ಎಲ್ಲ ತೆಳ್ಳನೆಯವರಿಗೂ ಈ ಮಾತು ಅನ್ವಯಿಸುವುದಿಲ್ಲ ಎಂಬುದೂ ಮುಖ್ಯ. ಸೊಂಟದಲ್ಲೂ ಕೊಬ್ಬಿಲ್ಲ, ತಾನಾಗಿ ತೂಕ ಇಳಿಯುತ್ತಿದೆ, ಪದೇಪದೇ ಮೂತ್ರ, ತಡೆಯಲಾಗದ ಬಾಯಾರಿಕೆ ಎಂದರೆ ಅದು ಬೇರೆಯೇ ಕಾಯಿಲೆ ಇರಬಹುದು. ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆ ಮಾಡಿದರೆ ಮೈ ಇನ್ಸುಲಿನ್ ಮಾಡುತ್ತಿದೆಯೇ ಎಂದು ತಿಳಿಯುತ್ತದೆ. ರಕ್ತದಲ್ಲಿ ಗ್ಯಾಡ್ ಪ್ರತಿಕಾಯವಿದ್ದರೆ ಟೈಪ್ 1ರ ಜಾತಿಯದು, ಅಂದರೆ ಇನ್ಸುಲಿನ್ ಮಾಡುವ ಕಣಗಳ ಮೇಲೆ ಮೈಯೇ ದಾಳಿ ಮಾಡುವ ಕಾಯಿಲೆ. ಆಗಾಗ ಹೊಟ್ಟೆನೋವೂ ಇದ್ದರೆ ಮೇದೋಜೀರಕದಲ್ಲಿ ಕಲ್ಲುಗಳಿವೆಯೇ ಎಂದು ಎಕ್ಸ್‌ರೇಯಲ್ಲಿ ನೋಡುತ್ತಾರೆ. ಇಂಥವರಿಗೆ ಡಯಟ್ ಉಪದೇಶ ಮಾಡುವ ನೆಂಟರನ್ನು ದೂರವಿಡಿ, ಇವರಿಗೆ ಬೇಕಿರುವುದು ಇನ್ಸುಲಿನ್.

ಇನ್ನು ತೆಳ್ಳಗಿದ್ದೂ ಕೊಬ್ಬು ಹೆಚ್ಚಿರುವ ಈ ಮೈ ಬಂದದ್ದು ಎಲ್ಲಿಂದ? ಇಲ್ಲಿಂದ ಮುಂದೆ ಯಾರೂ ಕೇಳುವುದಿಲ್ಲ, ನಾನೇ ಹೇಳಬೇಕು. ಯಾಜ್ಞಿಕ್ ತಂಡ 1993ರಿಂದ ಪುಣೆ ಸುತ್ತಲಿನ ಆರು ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ಅಳೆಯಿತು. ಕೂಸಿನ ಹೆಗಲ ಮೂಳೆಯ ಕೆಳತುದಿಯಲ್ಲಿ ಚರ್ಮವನ್ನು ಎರಡು ಬೆರಳಲ್ಲಿ ಮಡಿಸಿ ಎತ್ತಿ, ಆ ಮಡಿಕೆಗೆ ಕ್ಯಾಲಿಪರ್ ಹಾಕುತ್ತಾರೆ. ಒತ್ತಡಕ್ಕೆ ಮಡಿಕೆ ಕುಗ್ಗುತ್ತಾ ಮುಳ್ಳು ಇಳಿಯುತ್ತಲೇ ಇರುತ್ತದೆ, ಹಾಗಾಗಿ ಎಷ್ಟು ಸೆಕೆಂಡಿಗೆ ಓದಬೇಕೆಂದು ಮೊದಲೇ ನಿಗದಿಯಾಗಿರಬೇಕು. ಕೂಸು ಅತ್ತು ಬೆನ್ನು ಸೆಟೆಸಿದರೆ ಮತ್ತೆ ಮೊದಲಿಂದ. ಹೀಗೆ ಅಳೆದು ಇಂಗ್ಲೆಂಡಿನ ಸೌತಾಂಪ್ಟನ್‌ನ ಕೂಸುಗಳ ಜೊತೆ ಹೋಲಿಸಿದರು. ಅಲ್ಲಿನ ಸರಾಸರಿ ತೂಕ 3.5 ಕೆಜಿ, ಇಲ್ಲಿ 2.7. ಸ್ನಾಯು, ಹೊಟ್ಟೆಯೊಳಗಿನ ಅಂಗಗಳು ಎಲ್ಲವೂ ಇಲ್ಲಿ ಚಿಕ್ಕವು. ಬೆನ್ನಿನ ಆ ಮಡಿಕೆಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ತೆಳ್ಳಗೆ ಕಾಣುತ್ತಾ ಒಳಗೆ ಕೊಬ್ಬಿರುವ ಮೈ ನಿಮಗೆ ನಲವತ್ತಕ್ಕೆ ಬಂದದ್ದಲ್ಲ, ಹುಟ್ಟುವಾಗಲೇ ತಂದದ್ದು.

ಮೈಸೂರಿನಲ್ಲಿ ಕಥೆ ಇನ್ನಷ್ಟು ಕುತೂಹಲದ್ದು. ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಸೌತಾಂಪ್ಟನ್‌ನ ಕೆರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ದಾಖಲೆ ಹಿಡಿದು, ನಡುವಯಸ್ಸಿಗೆ ಬಂದಿದ್ದ 506 ಮಂದಿಯನ್ನು ಊರಿನಲ್ಲಿ ಹುಡುಕಿ ತೆಗೆದು ಪರೀಕ್ಷಿಸಿದರು. ಇಂಗ್ಲೆಂಡಿನಲ್ಲಿ ಕಂಡಿದ್ದ ಹಾಗೆ ಇಲ್ಲೂ ಕಡಿಮೆ ತೂಕದಲ್ಲಿ ಹುಟ್ಟಿದವರಿಗೇ ಡಯಾಬಿಟಿಸ್ ಹೆಚ್ಚು ಇರುತ್ತದೆ ಎಂಬ ನಿರೀಕ್ಷೆಯಿತ್ತು. 1998ರಲ್ಲಿ ಬಂದ ಫಲಿತಾಂಶ ಬೇರೆ: ಹುಟ್ಟುವಾಗ ಉದ್ದಕ್ಕೆ ಮೀರಿ ದಪ್ಪಗಿದ್ದವರಲ್ಲಿ, ಹೆಚ್ಚು ತೂಕವಿದ್ದ ತಾಯಂದಿರ ಮಕ್ಕಳಲ್ಲಿ ಡಯಾಬಿಟಿಸ್ ಹೆಚ್ಚು. ಹಾಗಾದರೆ ಆ ತಾಯಂದಿರಿಗೆ ಬಸುರಿಯಲ್ಲಿ ಶುಗರ್ ಇತ್ತೇ? ಅದನ್ನೇ ನೋಡಲು ಅದೇ ಆಸ್ಪತ್ರೆಯಲ್ಲಿ 1997ರಿಂದ ಪಾರ್ಥೆನಾನ್ ಅಧ್ಯಯನ ಶುರುವಾಗಿತ್ತು. ಗರ್ಭಿಣಿಯರಲ್ಲಿ ಶೇ. 6.2 ಮಂದಿಗೆ ಗರ್ಭಾವಸ್ಥೆಯ ಡಯಾಬಿಟಿಸ್ ಸಿಕ್ಕಿತು. ಅವರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಚರ್ಮದ ಮಡಿಕೆ ದಪ್ಪ, ಇನ್ಸುಲಿನ್ ಹೆಚ್ಚು. ಗಂಡನ ಮನೆಯವರ ಗಮನಕ್ಕೆ: ಇದು "ಅವಳ ತವರಿನ ಕಾಯಿಲೆ" ಎನ್ನಲು ಕೊಟ್ಟ ಸಾಕ್ಷಿಯಲ್ಲ.

ಆದ್ದರಿಂದ ನನ್ನನ್ನು ಕೇಳಬೇಕಾದ ಪ್ರಶ್ನೆ ನಿಮ್ಮ ತೆಳ್ಳನೆಯ ಮೈಯದ್ದಲ್ಲ. "ನಮ್ಮ ಸೊಸೆ ಬಸುರಿ, ಅವಳಿಗೆ ಶುಗರ್ ಟೆಸ್ಟ್ ಯಾವಾಗ, ಹೇಗೆ?" ಎಂದು ಕೇಳಿ. ಸಂತೋಷವಾಗಿ ಹೇಳುತ್ತೇನೆ.

ಸರ್ಕಾರದ ಮಾರ್ಗಸೂಚಿಯಲ್ಲಿ ಎರಡು ಸಲ: ಮೊದಲ ಸಲ ಡಾಕ್ಟರ ಬಳಿ ಹೋದಾಗ, ಮತ್ತೆ 24ರಿಂದ 28ನೇ ವಾರದೊಳಗೆ, ಅಂದರೆ ಏಳನೇ ತಿಂಗಳ ಸೀಮಂತದ ಆಸುಪಾಸಿನಲ್ಲಿ. ಖಾಲಿ ಹೊಟ್ಟೆ ಕಡ್ಡಾಯವಲ್ಲ. 75 ಗ್ರಾಂ ಗ್ಲೂಕೋಸ್ ಪುಡಿಯನ್ನು 300 ಮಿಲಿ ನೀರಿನಲ್ಲಿ ಕರಗಿಸಿ 5ರಿಂದ 10 ನಿಮಿಷದಲ್ಲಿ ಕುಡಿಯಬೇಕು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ, ಮರುದಿನ ಮತ್ತೆ. ಎರಡು ಗಂಟೆಗೆ ಸರಿಯಾಗಿ ರಕ್ತ. 140 ಅಥವಾ ಹೆಚ್ಚು ಬಂದರೆ ಗರ್ಭಾವಸ್ಥೆಯ ಡಯಾಬಿಟಿಸ್. ಮೊದಲ ಎರಡು ವಾರ ಊಟದ ಪಥ್ಯ, ನಡಿಗೆ. ಆಮೇಲೂ ಊಟವಾಗಿ ಎರಡು ಗಂಟೆಗೆ 120ಕ್ಕಿಂತ ಕೆಳಗೆ ಇಳಿಯದಿದ್ದರೆ ಔಷಧಿ.

ಎಡವಟ್ಟಾಗುವುದು ಟ್ಯೂಬಿನಲ್ಲಿ. ಸೂಜಿ ತೆಗೆದ ಮೇಲೂ ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು. ಬೂದು ಮುಚ್ಚಳದ ಟ್ಯೂಬಿನಲ್ಲಿ ಇದನ್ನು ತಡೆಯಲೆಂದೇ ಫ್ಲೋರೈಡ್ ಇರುತ್ತದಲ್ಲ ಎನ್ನಬಹುದು. ಫ್ಲೋರೈಡ್ ತಡೆಯುವುದು ಗ್ಲೂಕೋಸ್ ಒಡೆಯುವ ಸರಣಿಯ ಕೊನೆಕೊನೆಯ ಒಂದು ಹೆಜ್ಜೆಯನ್ನು. ಅದು ಹಿಂದಕ್ಕೆ ಕಟ್ಟಿಕೊಂಡು ಪೂರ್ತಿ ನಿಲ್ಲಲು ಒಂದೆರಡು ಗಂಟೆ ಬೇಕು. ಅಷ್ಟರಲ್ಲಿ 144 ಇದ್ದದ್ದು 136 ಆಗಿರುತ್ತದೆ, ರಿಪೋರ್ಟಿನಲ್ಲಿ "ನಾರ್ಮಲ್" ಎಂದು ಬರುತ್ತದೆ, ಮನೆಯವರು ಪೇಡ ಹಂಚುತ್ತಾರೆ. ಮನೆಗೇ ಬಂದು ರಕ್ತ ಒಯ್ಯುವ ಹುಡುಗ ಇನ್ನೂ ಆರು ಮನೆ ಸುತ್ತುತ್ತಾನೆ ಎಂದರೆ ಈ ಟೆಸ್ಟನ್ನು ಅವನಿಗೆ ಕೊಡಬೇಡಿ. ಲ್ಯಾಬಿಗೇ ಹೋಗಿ ಕೂರಿ, ರಕ್ತವನ್ನು ಎಷ್ಟು ಹೊತ್ತಿಗೆ ಸೆಂಟ್ರಿಫ್ಯೂಜ್‌ಗೆ, ಅಂದರೆ ಗಿರಗಿರನೆ ತಿರುಗಿಸಿ ರಕ್ತಕಣ ಬೇರ್ಪಡಿಸುವ ಯಂತ್ರಕ್ಕೆ, ಹಾಕುತ್ತೀರಿ ಎಂದು ಕೇಳಿ. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗ್ಲೂಕೋಮೀಟರಿನಲ್ಲಿ ಅಲ್ಲೇ ನೋಡಿದರೆ ಈ ತಾಪತ್ರಯವಿಲ್ಲ.

ಹೆರಿಗೆಯಾದ ಆರನೇ ವಾರಕ್ಕೆ ಅದೇ 75 ಗ್ರಾಂ ಟೆಸ್ಟ್ ಮತ್ತೊಮ್ಮೆ, ಈ ಸಲ ಖಾಲಿ ಹೊಟ್ಟೆಯಲ್ಲಿ. ಎರಡು ಗಂಟೆಗೆ 140ಕ್ಕಿಂತ ಕಡಿಮೆಯಿದ್ದರೆ ಸರಿ, 199ರವರೆಗೆ ಗಡಿಯಲ್ಲಿದೆ, 200 ಮುಟ್ಟಿದರೆ ಡಯಾಬಿಟಿಸ್. ಸರಿ ಬಂದರೂ ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಹೆಚ್ಚಿನವರು ತಪ್ಪಿಸುವುದು ಈ ಆರನೇ ವಾರದ್ದನ್ನೇ. ಬಾಣಂತಿ ತವರಿನಲ್ಲಿರುತ್ತಾಳೆ, ಫೈಲು ಗಂಡನ ಮನೆಯ ಬೀರುವಿನಲ್ಲಿರುತ್ತದೆ, ಮಗುವಿನ ಲಸಿಕೆಗೆ ಮಾತ್ರ ಆಸ್ಪತ್ರೆಗೆ ಹೋಗುತ್ತಾರೆ. ಆ ಲಸಿಕೆಯೂ ಆರನೇ ವಾರಕ್ಕೇ ಇರುವುದು. ಅದೇ ದಿನ ತಾಯಿಯನ್ನು ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ, ಮಗು ಹಿಡಿದುಕೊಂಡು ಎರಡು ಗಂಟೆ ಅಲ್ಲೇ ಕೂರಲು ಮನೆಯಿಂದ ಇನ್ನೊಬ್ಬರು ಜೊತೆಗೆ ಹೋಗಿ.