ಗೋಳ–ಫಲಕದ ಕ್ಯಾಸಿಮಿರ್ ಅಳತೆ: ಸೊನ್ನೆ ವೋಲ್ಟ್ ಕೊಟ್ಟರೆ ಸಾಲದು

ಅಳೆಯಬೇಕಾದದ್ದು ಕ್ಯಾಸಿಮಿರ್ ಬಲ: ತೀರಾ ಹತ್ತಿರದ ಎರಡು ಲೋಹದ ಮೇಲ್ಮೈಗಳ ನಡುವೆ ನಿರ್ವಾತದ ಏರಿಳಿತಗಳಿಂದ ಬರುವ ಸೆಳೆತ. ಸದ್ಯದ ಜೋಡಣೆ ಹೀಗಿದೆ. 100 ಮೈಕ್ರೊಮೀಟರ್ ತ್ರಿಜ್ಯದ ಪಾಲಿಸ್ಟೈರೀನ್ ಗೋಳವನ್ನು ಮೀಟರಿಗೆ 0.02 ನ್ಯೂಟನ್ ಬಿಗುವಿನ ಕ್ಯಾಂಟಿಲಿವರ್ (ಒಂದು ಕೊನೆ ಮಾತ್ರ ಹಿಡಿದಿಟ್ಟ, ಸ್ಪ್ರಿಂಗ್‌ನಂತೆ ಬಾಗುವ ಸಣ್ಣ ಪಟ್ಟಿ) ತುದಿಗೆ ಅಂಟಿಸಿದೆ. ಎದುರಿಗೆ ನುಣುಪಾದ ಸಿಲಿಕಾನ್ ಫಲಕ. ಎರಡಕ್ಕೂ 10 ನ್ಯಾನೊಮೀಟರ್ ಕ್ರೋಮಿಯಂ, ಅದರ ಮೇಲೆ 150 ನ್ಯಾನೊಮೀಟರ್ ಚಿನ್ನ.

ಆದರ್ಶ ಲೋಹದ ಸೂತ್ರದ ಪ್ರಕಾರ 200 ನ್ಯಾನೊಮೀಟರ್ ಅಂತರದಲ್ಲಿ ಈ ಸೆಳೆತ 34 ಪಿಕೊನ್ಯೂಟನ್. ಕ್ಯಾಂಟಿಲಿವರ್ ಬಾಗುವುದು ಬರೀ 1.7 ನ್ಯಾನೊಮೀಟರ್. ಅಂತರ ಅರ್ಧವಾದರೆ ಬಲ ಎಂಟು ಪಟ್ಟು. ನಿಜವಾದ ಚಿನ್ನ ಪರಿಪೂರ್ಣ ಕನ್ನಡಿಯಲ್ಲ, ಹಾಗಾಗಿ 200ರಲ್ಲಿ ಈ ಬಲ ಸುಮಾರು 30 ಶೇಕಡಾ ಕಡಿತವಾಗುತ್ತದೆ.

ಮೊದಲ ಗೋಳ ಕೈಕೊಟ್ಟಿತು. ಗೋಳ–ಫಲಕದ ನಡುವೆ ಬೇರೆ ಬೇರೆ ವೋಲ್ಟೇಜ್ ಕೊಟ್ಟು ಬಲ ಅಳೆದಾಗ ಬರುವ ಪರವಲಯದ ತಳ, ಅಂದರೆ ವಿದ್ಯುತ್ ಸೆಳೆತ ಅತಿ ಕಡಿಮೆಯಿರುವ ವೋಲ್ಟೇಜ್, ಗಂಟೆಗೊಮ್ಮೆ ಜರುಗುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾರಣ ಸಿಕ್ಕಿತು: ಗೋಳ ಮತ್ತು ಕ್ಯಾಂಟಿಲಿವರ್ ನಡುವೆ, ಅಂಟಿನ ಕುತ್ತಿಗೆಯ ಸುತ್ತ ಚಿನ್ನ ಕೂತೇ ಇರಲಿಲ್ಲ. ಒಂದೇ ದಿಕ್ಕಿನಿಂದ ಲೇಪ ಹಾಕಿದರೆ ಗೋಳದ ನೆರಳು ಅಲ್ಲಿ ಬೀಳುತ್ತದೆ, ಗೋಳ ವಿದ್ಯುತ್ ಸಂಪರ್ಕವಿಲ್ಲದೆ ಉಳಿಯುತ್ತದೆ. ಎರಡನೆಯದನ್ನು ಬೆಳ್ಳಿಯ ವಾಹಕ ಅಂಟಿನಿಂದ ಕೂರಿಸಿ, ಓರೆಯಾಗಿ ತಿರುಗಿಸುತ್ತ ಲೇಪಿಸಿದ ಮೇಲೆ ತಳ ನಿಂತಿತು.

ನಿಂತದ್ದು ಸೊನ್ನೆಯಲ್ಲಲ್ಲ, 30 ಮಿಲಿವೋಲ್ಟ್‌ನಲ್ಲಿ. ಎರಡೂ ಕಡೆ ಚಿನ್ನವೇ ಆದರೂ ತಂತಿ, ಬೆಸುಗೆ, ಮೇಲ್ಮೈಯ ಕೊಳೆ ಸೇರಿ ಇಷ್ಟು ವಿಭವ ಉಳಿಯುತ್ತದೆ. ಇದನ್ನು ಸರಿದೂಗಿಸದೆ ಹಾಗೆಯೇ ಬಿಟ್ಟರೆ 200 ನ್ಯಾನೊಮೀಟರ್‌ನಲ್ಲಿ 12.5 ಪಿಕೊನ್ಯೂಟನ್ ಸ್ಥಾಯೀ ವಿದ್ಯುತ್ ಸೆಳೆತ ಸೇರಿಕೊಳ್ಳುತ್ತದೆ, ಅಂದರೆ ಹುಡುಕುತ್ತಿರುವ ಬಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಆದ್ದರಿಂದ ಎರಡನ್ನೂ ಭೂಮಿಗೆ ಜೋಡಿಸಿ ಸುಮ್ಮನಾಗುವಂತಿಲ್ಲ. ಪ್ರತಿ ಅಂತರದಲ್ಲೂ ತಳ ಹುಡುಕಿ ಅದೇ ವೋಲ್ಟೇಜ್ ಕೊಡಬೇಕು. ಅಂತರದೊಂದಿಗೆ ತಳ ಸರಿಯತೊಡಗಿದರೆ ಮೇಲ್ಮೈಯಲ್ಲಿ ಬೇರೆ ಬೇರೆ ವಿಭವದ ತೇಪೆಗಳಿವೆ ಎಂದರ್ಥ, ಅವನ್ನು ಒಂದೇ ವೋಲ್ಟೇಜ್‌ನಿಂದ ಪೂರ್ತಿ ಅಳಿಸಲಾಗದು.

ಅಂತರದ ಸೊನ್ನೆಯೂ (ಎಲ್ಲಿಂದ ಅಂತರ ಎಣಿಸಬೇಕೆಂಬುದು) ಇದೇ ಪರವಲಯದಿಂದಲೇ ಸಿಗುತ್ತದೆ. 1ರಿಂದ 3 ಮೈಕ್ರೊಮೀಟರ್ ನಡುವೆ ಕ್ಯಾಸಿಮಿರ್ ಬಲ ನಗಣ್ಯ. ಅಲ್ಲಿ ±200 ಮಿಲಿವೋಲ್ಟ್ ಕೊಟ್ಟು ಪರವಲಯದ ವಕ್ರತೆ ಅಳೆದರೆ ಅದು ಅಂತರಕ್ಕೆ ವಿಲೋಮವಾಗಿ ಬದಲಾಗುತ್ತದೆ, ಅದರಿಂದ ಅಂತರವನ್ನು ಲೆಕ್ಕ ಹಾಕಬಹುದು. ತಾಗಿಸಿ ಸೊನ್ನೆ ಗುರುತಿಸುವುದು ಬೇಡ, ಮೊದಲು ತಾಗುವುದು ಚಿನ್ನದ ಉಬ್ಬುಗಳು. 200ರಲ್ಲಿ 5 ನ್ಯಾನೊಮೀಟರ್ ತಪ್ಪಿದರೆ ಬಲ 7.5 ಶೇಕಡಾ ತಪ್ಪುತ್ತದೆ.

ಈಗ ಉಳಿದಿರುವ ಕಾಟ ಬೆಳಕಿನದು. ಕ್ಯಾಂಟಿಲಿವರ್ ಬಾಗುವುದನ್ನು ಅಳೆಯುವ 670 ನ್ಯಾನೊಮೀಟರ್ ಲೇಸರ್‌ನ ಚೂರು ಫಲಕದಿಂದ ಪ್ರತಿಫಲಿಸಿ, ಪ್ರತಿ 335 ನ್ಯಾನೊಮೀಟರಿಗೆ ಒಂದು ಅಲೆ ಮೂಡಿಸುತ್ತಿದೆ. ಕಿರಣವನ್ನು ಕ್ಯಾಂಟಿಲಿವರ್ ಅಂಚಿನಿಂದ ಒಳಕ್ಕೆ ಸರಿಸಿ ಮತ್ತೆ ಅಳೆಯಬೇಕು. ಆಮೇಲೆ 120 ನ್ಯಾನೊಮೀಟರ್‌ವರೆಗೆ ಹತ್ತಿರ ಹೋಗುವುದು. ಆದರ್ಶ ಲೆಕ್ಕದಲ್ಲಿ 80ರ ಸುಮಾರಿಗೆ ಬಲದ ಇಳಿಜಾರು ಸ್ಪ್ರಿಂಗ್‌ನ ಬಿಗುವನ್ನು ಮೀರಿ ಗೋಳ ಫಲಕಕ್ಕೆ ಅಂಟಿಬಿಡುತ್ತದೆ.