ಬುಧವಾರ ಸಂಜೆಯ ಮನೆಕೂಟ

ಅವ್ವ ಫೋನ್ ಮಾಡಿದಾಗಲೆಲ್ಲ ಕೇಳುತ್ತಾಳೆ, "ಚರ್ಚಿಗೆ ಹೋಗ್ತಿಯಿಲ್ಲ?" ಹೋಗುತ್ತೇನೆ. ಆದರೆ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಈ ಸಣ್ಣ ಊರಿನಲ್ಲಿ ನನ್ನ ನಂಬಿಕೆ ಬೆಳೆದದ್ದು ಭಾನುವಾರದ ಆರಾಧನೆಗಿಂತ ಜಾಸ್ತಿ ಬುಧವಾರ ಸಂಜೆಯ ಮನೆಕೂಟದಲ್ಲಿ. ಹುಬ್ಬಳ್ಳಿ, ಧಾರವಾಡ, ಬೆಟಗೇರಿಯ ನಮ್ಮ ಸಭೆಗಳವರಿಗೆ ಇದನ್ನು ಹೇಳಲೇಬೇಕು ಅನಿಸಿದೆ.

ಕೂಟದಲ್ಲಿ ಎಂಟು-ಹತ್ತು ಜನ. ಒಬ್ಬರ ಮನೆಯ ಊಟದ ಮೇಜು, ಬ್ರೆಡ್ಡು, ಚೀಸು, ಚಹಾ. ಮಾರ್ಕನ ಸುವಾರ್ತೆಯ ಒಂದು ಭಾಗ ಓದುತ್ತೇವೆ. ಯಾರೂ ಪ್ರಸಂಗ ಮಾಡುವುದಿಲ್ಲ. ಕರ್ತನು ಇದರಲ್ಲಿ ನಿಮಗೆ ಏನು ಹೇಳುತ್ತಿದ್ದಾನೆ, ಈ ವಾರ ನೀವು ಏನು ಮಾಡುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಮುಂದಿನ ಬುಧವಾರ ಮೊದಲು ಬರುವುದು ಅದೇ ಮಾತು. ತಮ್ಮನ ಜೊತೆ ಮಾತು ಬಿಟ್ಟಿದ್ದವರು ಅವನಿಗೆ ಫೋನ್ ಮಾಡಿದರಾ? ಮಾಡದಿದ್ದರೆ ಯಾರೂ ಬೈಯುವುದಿಲ್ಲ. ಅಲ್ಲೇ ಅವರಿಗಾಗಿ ಪ್ರಾರ್ಥನೆ ಮಾಡುತ್ತಾರೆ.

ನಾನು ವೃದ್ಧಾಶ್ರಮದಲ್ಲಿ ನರ್ಸ್. ಬಂದ ಹೊಸದರಲ್ಲಿ ಭಾಷೆ ಬರುತ್ತಿರಲಿಲ್ಲ, ರಾತ್ರಿ ಪಾಳಿ ಬೇರೆ. ಕೂಟದಲ್ಲಿ ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಟೀಚರ್ ಇದ್ದಾರೆ. ನನ್ನ ರಜೆಯ ದಿನ ನೋಡಿಕೊಂಡು ಬಂದು, ಮಾರ್ಕನ ಸುವಾರ್ತೆಯನ್ನು ನನ್ನ ಜೊತೆ ನಿಧಾನವಾಗಿ ಓದುತ್ತಿದ್ದರು. ಕಾಗದಪತ್ರದ ಕೆಲಸಕ್ಕೆ ಕಚೇರಿಗೆ ಜೊತೆಗೆ ಬಂದರು. ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ ಹೆಂಡತಿಗೆ ಜೋರು ಮಾತಾಯಿತು. ಅದನ್ನು ಮುಚ್ಚಿಡಲಿಲ್ಲ. ನನ್ನ ಎದುರಿಗೇ ಆ ಹಿರಿಯರು ಹೆಂಡತಿಯ ಕ್ಷಮೆ ಕೇಳಿದರು. ಕ್ಷಮೆಯ ಬಗ್ಗೆ ಚಿಕ್ಕಂದಿನಿಂದ ಎಷ್ಟೋ ಪ್ರಸಂಗ ಕೇಳಿದ್ದೇನೆ. ಕ್ಷಮೆ ಕೇಳುವುದು ಹೇಗೆ ಅಂತ ಕಣ್ಣಾರೆ ಕಂಡದ್ದು ಆ ಮೇಜಿನ ಮುಂದೆ.

ಆಮೇಲೆ ಒಂದು ದಿನ ಅವರು, "ನಿಮ್ಮಲ್ಲಿಗೆ ಕೇರಳದ ಹೊಸ ಹುಡುಗಿ ಬಂದಿದ್ದಾಳಂತೆ, ಅವಳ ಜೊತೆ ನೀವು ಮಾರ್ಕ ಓದಿ" ಅಂದರು. ನನಗೆ ಕಲಿಸಲು ಬರುವುದಿಲ್ಲ ಅಂದೆ. "ನಾನು ನಿಮ್ಮ ಜೊತೆ ಓದಿದ ಹಾಗೇ ಓದಿ, ಅಷ್ಟೇ." ಬೈಬಲಿನಲ್ಲಿ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದದ್ದು ಇದನ್ನೇ ಅಲ್ವಾ? ನನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಇನ್ನೊಬ್ಬರಿಗೆ ಕಲಿಸಲಿ ಎಂದು. ಎರಡನೆಯ ಪತ್ರದ ಆ ಒಂದೇ ವಚನದಲ್ಲಿ ನಾಲ್ಕು ತಲೆಮಾರು ಇದೆ: ಪೌಲ, ತಿಮೊಥೆಯ, ನಂಬಿಗಸ್ತರು, ಅವರಿಂದ ಕಲಿಯುವವರು.

ಈ ರೂಢಿ ಇಲ್ಲಿ ಹಳೆಯದು. ಫ್ರಾಂಕ್‌ಫರ್ಟ್‌ನಲ್ಲಿ ಪಾಸ್ಟರ್ ಆಗಿದ್ದ ಫಿಲಿಪ್ ಯಾಕೋಬ್ ಸ್ಪೇನರ್ 1670ರಲ್ಲಿ ತಮ್ಮ ಮನೆಯಲ್ಲೇ ಇಂಥ ಕೂಟ ಶುರು ಮಾಡಿದರು. ನಾನಿರುವ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಮನೆಕೂಟಗಳಿಗೆ 1743ರಲ್ಲಿ ಸರ್ಕಾರವೇ ಒಪ್ಪಿಗೆ ಕೊಟ್ಟಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಬಹಳಷ್ಟು ಮಿಷನರಿಗಳು ಬಂದದ್ದು ಇದೇ ಸೀಮೆಯಿಂದ, ಇಂಥ ಕೂಟಗಳಲ್ಲಿ ಬೆಳೆದ ಮನೆಗಳಿಂದ. ಆ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಅಂದರೆ ನಮ್ಮ ಸಭೆಗಳ ಬೇರು ಇಂಥ ಊಟದ ಮೇಜುಗಳ ತನಕ ಹೋಗುತ್ತದೆ. ಇದು ತಿಳಿದಾಗ ನನಗೆ ಮೈ ಜುಮ್ಮೆಂದಿತು.

ನಮ್ಮೂರಲ್ಲೂ ಮನೆಕೂಟ ಇದೆ, ಗೊತ್ತು. ಅಯ್ಯನವರು, ಅಂದರೆ ಪಾಸ್ಟರ್, ಬರುತ್ತಾರೆ, ಹಾಡು, ಪ್ರಸಂಗ, ಉಪ್ಪಿಟ್ಟು, ಚಹಾ. ಸಾವು ನೋವು ಆದಾಗ ಆ ಕೂಟ ಕೊಡುವ ಧೈರ್ಯವನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೆ ಮೂವತ್ತು ಜನ ಕೂತಲ್ಲಿ ಮನಸ್ಸಿನ ಮಾತು ಯಾರು ಆಡುತ್ತಾರೆ? ನೂರಾರು ಕುಟುಂಬಗಳನ್ನು ನೋಡಬೇಕಾದ ಅಯ್ಯನವರು ಒಬ್ಬೊಬ್ಬರ ಜೊತೆ ವರ್ಷಗಟ್ಟಲೆ ನಡೆಯುವುದು ಆಗದ ಮಾತು. ಜನ ಸಾವಿರಗಟ್ಟಲೆ ಹಿಂದೆ ಬಂದರೂ ಯೇಸು ಸ್ವಾಮಿ ತನ್ನ ಜೊತೆಗೆ ಇಟ್ಟುಕೊಂಡದ್ದು ಹನ್ನೆರಡು ಜನರನ್ನು. ಪೌಲನ ಕಾಲದ ಅಪೊಲ್ಲೋಸ ದೊಡ್ಡ ಮಾತುಗಾರ. ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿದವರು ಗುಡಾರ ಮಾಡುವ ಕೆಲಸದ ಗಂಡ ಹೆಂಡತಿ, ಅಕ್ವಿಲ ಮತ್ತು ಪ್ರಿಸ್ಕಿಲ್ಲ.

ನಮ್ಮಲ್ಲಿ ದೊಡ್ಡ ಅಡ್ಡಿ ಅಂದರೆ ಮಾತು ಹೊರಗೆ ಹೋಗುವುದು. ಸಭೆಯಲ್ಲಿ ಎಲ್ಲರೂ ಬೀಗರು, ನೆಂಟರು. ಇವತ್ತು ಪ್ರಾರ್ಥನೆಗೆ ಅಂತ ಹೇಳಿದ್ದು ನಾಳೆ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಸಿಕ್ಕವರ ಬಾಯಲ್ಲಿ ಇರುತ್ತದೆ. ಗಂಡ ಕುಡಿಯುತ್ತಾನೆ, ಸಾಲ ಆಗಿದೆ, ಮಗಳ ಮದುವೆ ಮುರಿದಿದೆ ಅಂತ ಯಾವ ಧೈರ್ಯದಲ್ಲಿ ಹೇಳುವುದು? ಅದಕ್ಕೇ ಮೂವತ್ತು ಜನರಿಂದ ಶುರು ಮಾಡಬೇಡಿ. ಮೂವರು ಸಾಕು. ಹೆಂಗಸರು ಬೇರೆ, ಗಂಡಸರು ಬೇರೆ ಕೂತರೂ ಸರಿ. ಅತ್ತೆ ಸೊಸೆ ಒಂದೇ ಗುಂಪಿನಲ್ಲಿ ಬೇಡ. ಇಲ್ಲಿ ಆಡಿದ್ದು ಇಲ್ಲೇ ಇರಬೇಕು ಅನ್ನುವುದನ್ನು ಮೊದಲ ದಿನವೇ ಬಾಯಿಬಿಟ್ಟು ಒಪ್ಪಿಕೊಳ್ಳಿ. ಈ ಒಂದು ಮಾತು ಉಳಿಯದಿದ್ದರೆ ಬೇರೇನೂ ಉಳಿಯುವುದಿಲ್ಲ.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನನ್ನ ತಂಗಿ ಇಬ್ಬರು ಗೆಳತಿಯರ ಜೊತೆ ಶುರು ಮಾಡುತ್ತಿದ್ದಾಳೆ. "ಅಕ್ಕಾ, ವಾರಕ್ಕೆ ಎಷ್ಟು ಓದೂಣು?" ಅಂತ ಕೇಳಿದಳು. ಅರ್ಧ ಅಧ್ಯಾಯ ಸಾಕು, ಉಳಿದ ಹೊತ್ತು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಿ ಅಂದಿದ್ದೇನೆ. ಮಾರ್ಕ ಮುಗಿದ ಮೇಲೆ ಮೂವರೂ ಒಬ್ಬೊಬ್ಬ ಹೊಸಬರ ಜೊತೆ ಕೂರಬೇಕು ಅಂತ ಈಗಲೇ ಮಾತಾಗಿದೆ.