ಲಾಡಖಾನನ ಮನೆ

ಬಾದಾಮಿಯಿಂದ ಪಟ್ಟದಕಲ್ಲಿನ ಮೇಲೆ ಹಾದು ಮಲಪ್ರಭೆಯ ದಂಡೆಯ ಐಹೊಳೆಯನ್ನು ಸೇರಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಓಣಿಯಲ್ಲಿ ಅಂಗಳ ಗುಡಿಸುತ್ತಿದ್ದ ಹಿರಿಯರೊಬ್ಬರಲ್ಲಿ ಲಾಡಖಾನ್ ಗುಡಿಯ ದಾರಿ ಕೇಳಿದೆ. ‘ಗುಡಿ ಏನ್ರೀ, ಮನೀನ ಅದು. ಹಿಂದಕ ಅದರಾಗ ಮಂದಿ ಬಾಳೇವು ಮಾಡ್ಯಾರ’ ಎಂದರು ಆ ತಾಯಿ.

ನೋಟಕ್ಕೂ ಅದು ಮನೆಯಂತೆಯೇ ಇದೆ. ಎತ್ತರದ ಶಿಖರವಿಲ್ಲ; ನಡುವೆ ಸಮತಟ್ಟಾಗಿ, ಸುತ್ತಲೂ ಎರಡು ಹಂತಗಳಲ್ಲಿ ಇಳಿಜಾರಾಗಿರುವ ಚಾವಣಿಯ ಮೇಲೆ ಒಂದು ಪುಟ್ಟ ಗುಡಿ ಕುಳಿತಿದೆ. ಚಪ್ಪಡಿಗಳು ಕೂಡುವ ಸಂದುಗಳಲ್ಲಿ ನೀರು ಇಳಿಯದಂತೆ ಮರದ ದಿಮ್ಮಿಗಳನ್ನು ಹೋಲುವ ಉದ್ದನೆಯ ಕಲ್ಲುಪಟ್ಟಿಗಳನ್ನು ಹೊದಿಸಿದ್ದಾರೆ; ಕಲ್ಲಿನ ಕೆಲಸಕ್ಕೆ ಇಳಿದ ಮೇಲೂ ಮರಗೆಲಸದ ರೂಢಿ ಕೈಬಿಡಲಿಲ್ಲವೆನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಒಳಗೆ ಎರಡು ಸುತ್ತು ಕಂಬ, ನಡುವೆ ನಂದಿ, ಕಲ್ಲಿನ ಜಾಲರಿ ಕಿಟಕಿಗಳಾದ ಜಾಲಂಧ್ರಗಳಿಂದ ಸೋಸಿ ಬರುವ ಬೆಳಕು. ಗರ್ಭಗುಡಿ ಹಿಂಗೋಡೆಗೆ ಆತುಕೊಂಡಿರುವುದರಿಂದ ಇದು ಮೊದಲು ಊರಿನ ಸಭಾಮಂಟಪವಾಗಿತ್ತೆಂಬ ವಾದವೂ ಉಂಟು. 5ನೆಯ ಶತಮಾನದ್ದೆಂದು ಹಿಂದೆ ಹೇಳುತ್ತಿದ್ದ ಈ ಕಟ್ಟಡವನ್ನು ಈಗಿನ ವಿದ್ವಾಂಸರು ಸುಮಾರು 7–8ನೆಯ ಶತಮಾನಕ್ಕೆ ತರುತ್ತಾರೆ.

634ರಲ್ಲಿ ಕವಿ ರವಿಕೀರ್ತಿ ಮೇಗುಟಿ ಬಸದಿಯ ಶಾಸನದಲ್ಲಿ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯನ್ನು ಹೊಗಳಿದ್ದು ಈ ಊರಿನಲ್ಲೇ. ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘ ದಕ್ಷಿಣದುದ್ದಕ್ಕೂ ಹೆಸರಾದದ್ದೂ ಈ ಊರಿನ ಹೆಸರಿನಿಂದಲೇ. ಆ ವೈಭವ ಇಳಿದು ಐಹೊಳೆ ಹಳ್ಳಿಯಾದ ಮೇಲೆ, ನೂರಕ್ಕೂ ಮಿಕ್ಕ ಗುಡಿಗಳ ನಡುವೆ ಮನೆಗಳೆದ್ದವು, ಗುಡಿಗಳೂ ಮನೆಗಳಾದವು. ಲಾಡಖಾನ ಹಾಗೆ ವಾಸವಿದ್ದವನು. ದೇವರ ಹೆಸರು ಹೋಗಿ ಒಕ್ಕಲಿದ್ದವನ ಹೆಸರು ನಿಂತಿತು. ಈ ಊರಿನಲ್ಲಿ ಹೆಸರು ನಂಬಿ ದೇವರನ್ನು ಹುಡುಕಬಾರದು: ಪಕ್ಕದ ಗೌಡರ ಗುಡಿ ಶಾಸನದ ಪ್ರಕಾರ ದುರ್ಗಾ ಭಗವತಿಯದು, ಆದರೆ ದುರ್ಗ ಗುಡಿಗೆ ಹೆಸರು ಬಂದದ್ದು ದೇವಿಯಿಂದಲ್ಲ, ಅಲ್ಲಿದ್ದ ಕೋಟೆಯಿಂದ.

ಮುಖಮಂಟಪದ ಕಂಬಗಳಲ್ಲಿ ಮಿಥುನ ಶಿಲ್ಪಗಳಿವೆ, ಒರಗಿ ಕೂರುವ ಕಲ್ಲುಜಗಲಿಯಾದ ಕಕ್ಷಾಸನದ ಹೊರಮೈಯಲ್ಲಿ ಎಲೆ ಚೆಲ್ಲಿದ ಪೂರ್ಣಕುಂಭಗಳಿವೆ. ಅಲ್ಲಿ ನಿಂತು ನೋಡಿದರೆ ಬೇಲಿಯಾಚೆ ಅದೇ ಕೆಂಪು ಮರಳುಗಲ್ಲಿನ ಗೋಡೆಗಳು, ಮಣ್ಣಿನ ಮಾಳಿಗೆಗಳು, ಪಡಸಾಲೆಯ ಬದಿಗೆ ಗೋದಲಿ, ಕಟ್ಟಿದ ಕರು.

ಮರಳುವಾಗ ಆ ತಾಯಿ ಮತ್ತೆ ಸಿಕ್ಕರು. ‘ನೋಡಿದ್ರೇನ್ರಿ ಮನಿ?’ ಎಂದರು. ಚಾವಣಿಯ ಪಟ್ಟಿಗಳ ಮಾತೆತ್ತಿದೆ. ತಮ್ಮ ಮಾಳಿಗೆಯತ್ತ ಕೈ ತೋರಿಸಿ, ‘ಇದಕ್ಕ ವರ್ಸಾ ಮಣ್ಣು ಹಾಕಬೇಕ್ರಿ’ ಎಂದು ನಕ್ಕು ಕಸಬರಿಗೆ ಎತ್ತಿಕೊಂಡರು.